ಈ ನಿಯಮದ ಬದಲು ಯಾವುದು?

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಪಾಠ ಹೇಳುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಲೋಟ ಕೈಗೆ ಕೊಟ್ಟಿದ್ದೇ ತಡ, ಅವರಲ್ಲೊಬ್ಬಳು, "ಆಂಟಿ, ನಿಮ್ಮ ಕಾಲದಲ್ಲಿ ಲಾಜಿಕ್ ಗೇಮ್ಸ್ ಅಂತ ಒಂದು ಸೆಕ್ಷನ್ ಇತ್ತಂತಲ್ಲ, ಹೌದಾ?" ಎಂದು ಕೇಳಿದಳು. ನಾನು ಬೆಚ್ಚಿಬಿದ್ದೆ. ನನ್ನ ಕಾಲ ಎನ್ನುವುದು ಮೊನ್ನೆ ಮೊನ್ನೆ ಮುಗಿದದ್ದು. ಆ ಪುಸ್ತಕಗಳು ಇನ್ನೂ ಅಟ್ಟ ಹತ್ತಿಲ್ಲ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲೇ ಇವೆ. ಅಷ್ಟರಲ್ಲಿ ಈ ಮಗುವಿನ ಬಾಯಲ್ಲಿ ಅದು ರಾಜರ ಕಾಲದ ಸಂಗತಿಯಾಗಿಬಿಟ್ಟಿದೆ.

ಹೌದಮ್ಮಾ, ಇತ್ತು ಎಂದೆ. ಏನು ಇತ್ತು, ಹೇಗೆ ಇತ್ತು ಎಂದು ಹೇಳುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು. ಬಾಯಲ್ಲಿ ಹೇಳಲು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮನೆವಾರ್ತೆಯವಳು. ಗಣಿತ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿದ್ದೆ, ಆಮೇಲೆ ಮದುವೆ, ಶಿವಮೊಗ್ಗದ ಆಲ್ಕೊಳದಲ್ಲಿ ಮನೆ, ಅತ್ತೆ, ಮಕ್ಕಳು, ಸೋಮವಾರದ ಈಶ್ವರನ ದೇವಸ್ಥಾನ. ಮಕ್ಕಳು ಅವರವರ ದಾರಿ ಹಿಡಿದ ಮೇಲೆ ಮಧ್ಯಾಹ್ನದ ಹೊತ್ತು ಖಾಲಿ ಕೂರುವುದು ನನಗೆ ಆಗುತ್ತಿರಲಿಲ್ಲ. ದೇವಸ್ಥಾನದಲ್ಲೇ ಪರಿಚಯವಾದವರು ಉಮಾಪತಿ. ಅವರ ಮನೆತನದವರು ಗಾಂಧಿಬಜಾರಿನಲ್ಲಿ ಬಟ್ಟೆ ವ್ಯಾಪಾರ ಮಾಡಿಕೊಂಡು ಬಂದವರು. ಇವರು ಮಾತ್ರ ಅಂಗಡಿಯಲ್ಲಿ ಕೂರಲಾರೆ ಎಂದು ಹಟ ಹಿಡಿದು, ಆಲ್ಕೊಳ ಸರ್ಕಲ್ಲಿನ ಹತ್ತಿರ ಒಂದು ಮಹಡಿಯ ಮೇಲೆ ಕೋಚಿಂಗ್ ಸೆಂಟರ್ ತೆರೆದಿದ್ದರು. ಒಂದು ಸೋಮವಾರ ಪ್ರಸಾದ ತೆಗೆದುಕೊಳ್ಳುವ ಸಾಲಿನಲ್ಲೇ ನನ್ನ ಇಂಟರ್‌ವ್ಯೂ ಆಯಿತು.

"ಅಕ್ಕಾ, ನೀವು ಮ್ಯಾತ್ಸ್ ಓದಿದವರಂತೆ. ಸೀಟಿಂಗ್ ಅರೇಂಜ್‌ಮೆಂಟ್ ಪ್ರಾಬ್ಲಮ್ ಬರುತ್ತಾ?"

"ನಮ್ಮ ಕಡೆ ಮದುವೇಲಿ ಯಾರ ಪಕ್ಕ ಯಾರನ್ನ ಕೂರಿಸ್ಬಾರ್ದು ಅಂತ ಗೊತ್ತಿರೋದೇ ನನಗೊಬ್ಬಳಿಗೆ ಕಣ್ರೀ."

"ಅಷ್ಟು ಸಾಕು. ನಾಳೆಯಿಂದ ಬನ್ನಿ."

ಬಡ್ತಿಯ ಬಗ್ಗೆ ಬರೆಯಲು ನನ್ನ ಹತ್ತಿರ ಏನೂ ಇಲ್ಲ. ಸೇರಿದ ದಿನ 'ಮಿಸ್' ಆದೆ, ಬಿಟ್ಟ ದಿನವೂ 'ಮಿಸ್' ಆಗಿಯೇ ಇದ್ದೆ. ದೇವರು ಗಂಟಲು ಕೆಡಿಸಲಿಲ್ಲ, ಮಹಡಿ ಹತ್ತುವ ಮಂಡಿಯನ್ನು ಕೆಡಿಸಲಿಲ್ಲ. ಅಷ್ಟು ಸಾಕಾಯಿತು.

ಈಗ ಆಟದ ವಿಷಯ. ಆರು ಜನರನ್ನು ಒಂದು ಸಾಲಿನಲ್ಲಿ ಕೂರಿಸಬೇಕು ಎನ್ನುತ್ತಾರೆ. ಕೆಲವು ನಿಯಮ ಕೊಡುತ್ತಾರೆ: ಇವನು ಅವಳಿಗಿಂತ ಮುಂದಿರಬೇಕು, ಅವರಿಬ್ಬರು ಅಕ್ಕಪಕ್ಕ ಇರಬಾರದು, ಹೀಗೆ. ಆ ನಿಯಮಗಳ ಮೇಲೆ ಐದಾರು ಪ್ರಶ್ನೆ. ಮಕ್ಕಳು ಎಲ್ಲವನ್ನೂ ಹೇಗೋ ಮಾಡುತ್ತಿದ್ದರು. ಕೊನೆಗೆ ಒಂದು ಪ್ರಶ್ನೆ ಬರುತ್ತಿತ್ತು ನೋಡಿ, ಅದನ್ನು ಕಂಡರೆ ಇಡೀ ಕ್ಲಾಸು ಪೆನ್ನು ಕೆಳಗಿಡುತ್ತಿತ್ತು. ಮೇಲೆ ಕೊಟ್ಟ ಇಂಥ ನಿಯಮವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಕೆಳಗಿನ ಯಾವ ನಿಯಮವನ್ನು ಇಟ್ಟರೆ ಪರಿಣಾಮ ಕೂದಲೆಳೆಯಷ್ಟೂ ಬದಲಾಗುವುದಿಲ್ಲ? ಇದಕ್ಕೆ ನಾವು ಸಮ ನಿಯಮದ ಪ್ರಶ್ನೆ ಎಂದು ಹೆಸರಿಟ್ಟುಕೊಂಡಿದ್ದೆವು.

ಉಮಾಪತಿಯವರ ಉಪದೇಶ ಒಂದೇ. "ಅದು ಹೊಂಡ ಕಣ್ರಪ್ಪಾ. ನೋಡಿದ ತಕ್ಷಣ ಹಾರಿ ಆ ಕಡೆ ಹೋಗಿ. ಟೈಮ್ ಉಳಿದ್ರೆ ಬಂದು ಯಾವುದಾದ್ರೂ ಒಂದು ಒತ್ತಿ."

ನನಗೆ ಇದು ಹಿಡಿಸಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಬಿಟ್ಟು ಏಳುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ. ಕೂತು ಕೂತು ನಾನೊಂದು ದಾರಿ ಮಾಡಿಕೊಂಡೆ. ನಿಯಮ ಅಂದರೆ ಬಾಗಿಲು. ಹಳೆಯ ಬಾಗಿಲು ಕಳ್ಳರನ್ನು ಹೊರಗೆ ನಿಲ್ಲಿಸಿತ್ತು, ನೆಂಟರನ್ನು ಒಳಗೆ ಬಿಟ್ಟಿತ್ತು. ಈಗ ಯಾರೋ ಬಂದು ಆ ಬಾಗಿಲು ಕಿತ್ತು ಹೊಸ ಬಾಗಿಲು ಇಡುತ್ತಾರೆ. ನೀವು ಎರಡೇ ಕೇಳಬೇಕು. ಹಳೆಯದು ತಡೆದಿದ್ದ ಕಳ್ಳ ಹೊಸದರಲ್ಲಿ ನುಸುಳಿದನಾ? ಹಳೆಯದು ಬಿಟ್ಟಿದ್ದ ನೆಂಟ ಹೊಸದರಲ್ಲಿ ಹೊರಗುಳಿದನಾ? ಎರಡಕ್ಕೂ ಇಲ್ಲ ಅಂತಾದರೆ ಮಾತ್ರ ಎರಡು ಬಾಗಿಲೂ ಸಮ. ಸುಮ್ಮನೆ ಬಾಯಲ್ಲಿ ನುಸುಳಿದ, ಉಳಿದ ಎಂದರೆ ನಾನು ಒಪ್ಪುತ್ತಿರಲಿಲ್ಲ. ಒಂದು ಸಾಲು ಕೂಡಿಸಿ ತೋರಿಸಬೇಕು. ಇಗೋ ಈ ಸಾಲು, ಇದನ್ನು ಹಳೆಯ ನಿಯಮ ಒಪ್ಪುತ್ತದೆ, ಹೊಸದು ಒಪ್ಪುವುದಿಲ್ಲ ಎಂದು ಕಣ್ಣೆದುರು ಇಡಬೇಕು.

ಮಕ್ಕಳು ಬಹಳ ಸಲ ಬೀಳುತ್ತಿದ್ದದ್ದು ಎರಡನೆಯ ಪ್ರಶ್ನೆಯಲ್ಲಿ. ಕಳ್ಳನನ್ನು ಎಲ್ಲರೂ ಹುಡುಕುತ್ತಾರೆ. ಹೊರಗೆ ಉಳಿದ ನೆಂಟನ ನೆನಪು ಯಾರಿಗೂ ಬರುವುದಿಲ್ಲ. ಹೊಸದಾಗಿ ಪಾಠಕ್ಕೆ ಬರುವವರು ಇದನ್ನು ಸ್ವಲ್ಪ ಗಮನಿಸಿ.

ಇನ್ನು ಗಣಪತಿಯ ಸಂಗತಿ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಪುಸ್ತಕದ ಲೆಕ್ಕಗಳಲ್ಲಿ ಬರುವ ಹೆಸರುಗಳೆಲ್ಲ ಪರದೇಶದವು. ಮಕ್ಕಳ ನಾಲಿಗೆಗೇ ಹತ್ತುತ್ತಿರಲಿಲ್ಲ. ನಮ್ಮದೇ ಹೆಸರು ಹಾಕಿ ಒಂದು ಆಟ ಕಟ್ಟೋಣ ಎಂದು ನಾನೇ ಬರೆದೆ. ಒಂದು ದೇವಸ್ಥಾನದಲ್ಲಿ ಒಂದು ದಿನ ಆರು ಪೂಜೆ: ಗಣಪತಿ, ಈಶ್ವರ, ಪಾರ್ವತಿ, ಸುಬ್ರಹ್ಮಣ್ಯ, ನಂದಿ, ನಾಗ. ಒಂದರ ನಂತರ ಒಂದು. ನಿಯಮಗಳಲ್ಲಿ ಒಂದು, ನಂದಿಯ ಪೂಜೆ ಎರಡನೆಯದಾಗಿರಬೇಕು. ಕೊನೆಯ ಪ್ರಶ್ನೆ, ಈ ನಿಯಮದ ಬದಲು ಯಾವುದನ್ನು ಇಡಬಹುದು? ಒಂದು ಉತ್ತರ, ಗಣಪತಿಯ ಪೂಜೆ ಆದ ಕೂಡಲೇ ನಂದಿಯ ಪೂಜೆ ಆಗಬೇಕು. ಇನ್ನೊಂದು ಉತ್ತರ, ನಂದಿಯ ಪೂಜೆ ಆದ ಮೇಲೆ ಸರಿಯಾಗಿ ನಾಲ್ಕು ಪೂಜೆ ಉಳಿದಿರಬೇಕು. ಮಿಕ್ಕವು ಸುಮ್ಮನೆ ಸೇರಿಸಿದವು.

ಸರಿ ಉತ್ತರ ನಾಲ್ಕು ಪೂಜೆ ಉಳಿಯುವುದು. ಆರರಲ್ಲಿ ಹಿಂದೆ ನಾಲ್ಕು ಉಳಿದರೆ ನಂದಿ ಎರಡನೆಯದೇ ಆಗಬೇಕಲ್ಲ. ಆದರೆ ಇಡೀ ಕ್ಲಾಸು, ಒಬ್ಬರೂ ಬಿಡದಂತೆ, ಗಣಪತಿಯ ಉತ್ತರಕ್ಕೆ ಟಿಕ್ ಹಾಕಿ ಕೂತಿತ್ತು. ನಾನು ದಂಗಾಗಿಬಿಟ್ಟೆ. ಬುದ್ಧಿವಂತರೂ ಹಾಗೇ, ದಡ್ಡರೂ ಹಾಗೇ! ಬಾಗಿಲಲ್ಲಿ ನಿಂತು ನೋಡುತ್ತಿದ್ದ ಉಮಾಪತಿಯವರನ್ನು ಕೇಳಿದೆ.

"ನೀವೇ ಹೇಳಿ ಸರ್, ಯಾವುದು?"

"ಇದೇನು ಕೇಳ್ತೀರಾ ಅಕ್ಕಾ. ಗಣಪತಿ ಆದ ಕೂಡಲೇ."

ಆಗ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತಳು. ಅವಳೂ ಅದೇ ತಪ್ಪು ಉತ್ತರ ಬರೆದವಳೇ. ಪ್ರಶ್ನೆಯ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಯಾರೋ ಜೇಬಿಗೆ ಕೈ ಹಾಕಿದವನನ್ನು ಹಿಡಿದ ಹಾಗೆ ಕೂಗಿದಳು.

"ಮಿಸ್! ಗಣಪತಿ ಮೊದಲು ಅಂತ ಇಲ್ಲಿ ಎಲ್ಲೂ ಬರೆದೇ ಇಲ್ಲ!"

ಆಮೇಲೆ ಗಲಾಟೆಯೋ ಗಲಾಟೆ. "ಬರೀಬೇಕಾ ಮಾರಾಯ್ತಿ? ಗಣಪತಿ ಬಿಟ್ಟು ಯಾರಾದ್ರೂ ಶುರು ಮಾಡ್ತಾರಾ?" ಎಂದು ಒಬ್ಬ. "ಹಂಗಾದ್ರೆ ಗಣಪತೀನ ಕೊನೇಲಿ ಇಡ್ತೀಯಾ? ಪರೀಕ್ಷೆ ಪಾಸಾದ ಹಂಗೇ ಬಿಡು" ಎಂದು ಇನ್ನೊಬ್ಬ.

ಅವಳು ಹೇಳಿದ್ದೇ ಸರಿ. ಹಾಳೆಯಲ್ಲಿ ಇಲ್ಲದ ನಿಯಮವನ್ನು ನಾವೆಲ್ಲ ಮನೆಯಿಂದ ತಂದು ಸೇರಿಸಿದ್ದೆವು. ಅದನ್ನು ತೋರಿಸಲು ನಾನು ಬೋರ್ಡಿನ ಮೇಲೆ ಒಂದು ಸಾಲು ಬರೆಯಬೇಕಿತ್ತು. ಈಶ್ವರ ಒಂದು, ನಂದಿ ಎರಡು, ಗಣಪತಿ ಮೂರು. ಹಳೆಯ ನಿಯಮ ಇದನ್ನು ಒಪ್ಪುತ್ತದೆ, ಹೊಸದು ಒಪ್ಪುವುದಿಲ್ಲ. ಬರೆಯಲು ಹೋದರೆ, ದೇವರಾಣೆ, ನನ್ನ ಕೈಯೇ ಏಳಲಿಲ್ಲ. ಮೊದಲ ಜಾಗದಲ್ಲಿ ಬೇರೆ ಹೆಸರು ಬರೆಯಲು ಸೀಮೆಸುಣ್ಣ ಒಪ್ಪದು. ಮಕ್ಕಳೆಲ್ಲ ನೋಡುತ್ತಿದ್ದಾರೆ. ಕಣ್ಣು ಮುಚ್ಚಿ, ತಪ್ಪಾಯ್ತು ತಂದೆ, ಇದು ಲೆಕ್ಕಕ್ಕೆ ಮಾತ್ರ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಬರೆದೆ. ಮನೆಗೆ ಹೋಗಿ ಗರಿಕೆ ಏರಿಸಿದ ಮೇಲೇ ನನಗೆ ಸಮಾಧಾನ.

ಮರುದಿನದಿಂದ ದೇವರ ಹೆಸರು ಬಿಟ್ಟೆ. ಗೌರಿ ಹಬ್ಬದ ಬಾಗಿನಕ್ಕೆ ಇಡುವ ಸಾಮಾನು ತೆಗೆದುಕೊಂಡು ಹೋದೆ: ಅರಿಶಿನದ ಕೊನೆ, ಅಡಿಕೆ, ಲವಂಗ, ಏಲಕ್ಕಿ, ಕಲ್ಲುಸಕ್ಕರೆ, ದ್ರಾಕ್ಷಿ. ನೆಲದ ಮೇಲೆ ಸಾಲಾಗಿ ಜೋಡಿಸುವುದು, ಎತ್ತಿ ಬೇರೆ ಕಡೆ ಇಡುವುದು. ಅಡಿಕೆಗೆ ಮೊದಲ ಮರ್ಯಾದೆ ಕೊಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಒಂದೇ ತೊಂದರೆ, ಪಾಠ ಮುಗಿಯುವ ಹೊತ್ತಿಗೆ ದ್ರಾಕ್ಷಿ ಮತ್ತು ಕಲ್ಲುಸಕ್ಕರೆ ಸಾಲಿನಿಂದ ಮಾಯವಾಗಿರುತ್ತಿದ್ದವು.

ಎದ್ದು ನಿಂತಿದ್ದ ಆ ಹುಡುಗಿಯ ಹೆಸರು ಸಿಂಧು. ಭದ್ರಾವತಿಯವಳು. ಅಪ್ಪ ಮುರುಗೇಶ. ಅವರ ತಾತ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ನಿಂತವರು. ಮುರುಗೇಶನೂ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದವನು, ಅದು ನಿಂತ ಮೇಲೆ ಲಗೇಜ್ ಆಟೋ ಓಡಿಸಲು ಶುರು ಮಾಡಿದ್ದ. ಶಿವಮೊಗ್ಗಕ್ಕೆ ಬಾಡಿಗೆ ಸಿಕ್ಕ ದಿನ ಮಗಳನ್ನು ಕರೆದುಕೊಂಡು ಹೋಗಲು ಬರುತ್ತಿದ್ದ. ಅವಳನ್ನು ತಮಿಳಿನ ಮುದ್ದಿನಲ್ಲಿ 'ಕಣ್ಣು' ಎಂದೇ ಕರೆಯುತ್ತಿದ್ದ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಪಾಠ ಮುಗಿಯುವವರೆಗೂ ಕೇಳುತ್ತಿದ್ದ. ಕಳ್ಳ ನುಸುಳಿದ ಎಂದು ಮಕ್ಕಳು ಕೂಗಿದಾಗ ಹೊರಗಿನಿಂದ ಅವನು ನಗುವುದು ನನಗೆ ಕೇಳುತ್ತಿತ್ತು.

ಸಿಂಧು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವಳು. ಪರೀಕ್ಷೆಯಲ್ಲಿ ಇಂಗ್ಲಿಷಿನ ಉದ್ದುದ್ದ ಪ್ಯಾರಾಗಳ ವಿಭಾಗ ಬಂದರೆ ಅವಳ ಮುಖ ಸಣ್ಣದಾಗುತ್ತಿತ್ತು. ಆದರೆ ಆಟದ ವಿಭಾಗದಲ್ಲಿ ಅವಳನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ. ಉಮಾಪತಿಯವರು ಹಾರಿ ಹೋಗು ಎಂದ ಹೊಂಡಕ್ಕೆ ಇವಳು ಬೇಕೆಂದೇ ಇಳಿಯುತ್ತಿದ್ದಳು. ಒಂದು ದಿನ ನನಗೇ ಒಂದು ಪ್ರಶ್ನೆ ಹಾಕಿದಳು.

"ಮಿಸ್, ದೀಪ ಹಚ್ಚೋದ್ರೊಳಗೆ ಮನೆಗೆ ಬರ್ಬೇಕು ಅನ್ನೋದು ನಮ್ಮಪ್ಪನ ರೂಲ್ಸ್. ಅದರ ಬದಲು, ಐದು ಗಂಟೆ ಬಸ್ ಹತ್ತಬೇಕು ಅಂತ ಮಾಡ್ಕೊಂಡೆ. ಸಮ ಆಯ್ತಾ?"

"ಬಸ್ ಕೆಟ್ಟು ನಿಂತ್ರೆ?"

"ಕಳ್ಳ ನುಗ್ಗಿದ!" ಎಂದು ತಲೆ ಮೇಲೆ ಕೈ ಹೊತ್ತು ನಕ್ಕಳು. "ಐದೂವರೆ ಬಸ್ಸಲ್ಲಿ ಬಂದ್ರೂ ದೀಪ ಹಚ್ಚೋದ್ರೊಳಗೆ ಸೇರ್ತೀನಿ ಮಿಸ್. ನೆಂಟರೂ ಹೊರಗೆ."

ಅವಳು ಮೊದಲ ಸಲ ಪರೀಕ್ಷೆ ಬರೆದಾಗ ಆಟದ ವಿಭಾಗದಲ್ಲಿ ಬಹುತೇಕ ಎಲ್ಲವೂ ಸರಿ, ಪ್ಯಾರಾಗಳಲ್ಲಿ ಬಹಳ ತಪ್ಪು. ಸೀಟೂ ದೂರವೇ ಉಳಿಯಿತು, ಒಳ್ಳೆಯ ಅಂಕ ಬಂದವರಿಗೆ ಕಾಲೇಜು ಕೊಡುವ ಫೀಸು ಮನ್ನಾ ಅಂತೂ ದೂರದ ಮಾತು. ಅವಳು ಸೇರಬೇಕೆಂದಿದ್ದ ಕಾಲೇಜಿನ ಫೀಸು ನಮ್ಮಂಥವರು ಕೇಳಿದರೆ ಕೂತುಕೊಳ್ಳುವಂಥದ್ದು. ಇನ್ನೊಂದು ಸಲ ಬರೆಯುತ್ತೇನೆ ಎಂದಳು. ಮುರುಗೇಶ ನನ್ನೆದುರೇ ಷರತ್ತು ಹಾಕಿದ.

"ಅಮ್ಮಾ, ನೀವೇ ಸಾಕ್ಷಿ. ಇದೇ ಕೊನೆ. ಫೀಸು ಪೂರ್ತಿ ಮನ್ನಾ ಆದ್ರೆ ಮಾತ್ರ ಕಾಲೇಜಿಗೆ ಹೋಗೋದು. ಇಲ್ಲಾಂದ್ರೆ ಬಿ.ಎಚ್. ರೋಡಲ್ಲಿ ಸೀರೆ ಅಂಗಡಿ ಇದೆ, ಓನರ್ ನಮಗೆ ಗೊತ್ತಿರೋರೇ, ಸೇರ್ಕೋ ಅಂತ ಹೇಳಿದಾರೆ. ಏನ್ ಕಣ್ಣು, ಸರೀನಾ?"

"ಸರಿ ಅಪ್ಪಾ" ಎಂದಳು ಸಿಂಧು. ಹೇಳುವಾಗ ಕತ್ತು ಎತ್ತಲಿಲ್ಲ.

ಎರಡನೆಯ ಸಲದ ತಯಾರಿ ಚೆನ್ನಾಗಿಯೇ ನಡೆದಿತ್ತು. ಆಟದ ವಿಭಾಗ ಕೈ ಹಿಡಿಯುತ್ತದೆ, ಪ್ಯಾರಾಗಳಲ್ಲಿ ಸ್ವಲ್ಪ ಸುಧಾರಿಸಿದರೆ ಸಾಕು ಎನ್ನುವುದು ನಮ್ಮ ಲೆಕ್ಕ. ಹಾಗಿರುವಾಗ ಒಂದು ದಿನ ಬೆಳಗಿನ ಕ್ಲಾಸು ನಡೆಯುತ್ತಿದ್ದಾಗ ಉಮಾಪತಿಯವರು ಮಹಡಿ ಹತ್ತಿ ಬಂದರು. ಕ್ಲಾಸಿನ ಗೋಡೆಯ ಮೇಲೆ ದೇವರ ಫೋಟೋ ಇದೆಯೆಂದು ಅವರು ಎಂದೂ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಟ್ಟವರಲ್ಲ. ಅವತ್ತು ಚಪ್ಪಲಿ ಸಮೇತ ಕ್ಲಾಸಿನ ನಡುವಿನವರೆಗೆ ಬಂದು ನಿಂತುಬಿಟ್ಟರು.

"ಅಕ್ಕಾ, ಮುಗೀತು."

"ಅಯ್ಯೋ ದೇವರೇ, ಯಾರು?"

"ಯಾರೂ ಅಲ್ಲ. ಗೇಮ್ಸ್. ತೆಗೆದುಹಾಕಿದಾರೆ. ಮುಂದಿನ ಪರೀಕ್ಷೆಯಿಂದ ಇಲ್ಲ."

ನನಗೆ ಅರ್ಥವೇ ಆಗಲಿಲ್ಲ. ಯಾವ ಗೇಮ್ಸ್, ಯಾರ ಗೇಮ್ಸ್ ಎಂದು ಕೇಳಿದೆ. ಮನೆಯ ಅಡುಗೆಮನೆಯನ್ನೇ ತೆಗೆದುಹಾಕಿದ್ದಾರೆ ಎಂದರೆ ಹೇಗೋ ಹಾಗೆ. ಅವರು ಫೋನು ನನ್ನ ಮುಂದೆ ಹಿಡಿದರು. ಅಕ್ಷರ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ. ನೆಲದ ಮೇಲೆ ಅರ್ಧ ಜೋಡಿಸಿದ ಸಾಲು ಹಾಗೇ ಇತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

"ಅದರ ಬದಲು ಏನಂತೆ?" ಎಂದೆ ಕೊನೆಗೆ.

"ಇನ್ನೊಂದು ಓದೋ ಸೆಕ್ಷನ್. ಪ್ಯಾರಾ ಕೊಡ್ತಾರೆ, ಅದರಲ್ಲಿ ವಾದ ಇರುತ್ತೆ, ತಪ್ಪು ಒಪ್ಪು ಹೇಳ್ಬೇಕು. ಅಳೆಯೋದು ಅದೇ ಬುದ್ಧೀನ, ವಿಧಾನ ಮಾತ್ರ ಬೇರೆ ಅಂತ ಹೇಳ್ತಿದಾರೆ."

ಅದೇ ಬುದ್ಧಿ, ವಿಧಾನ ಬೇರೆ! ಹಳೆಯದನ್ನು ತೆಗೆದು ಹೊಸದನ್ನಿಟ್ಟರೂ ಪರಿಣಾಮ ಅದೇ! ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಪ್ರಶ್ನೆ ಎದ್ದು ಬಂದು ನನ್ನೆದುರೇ ನಿಂತ ಹಾಗಾಯಿತು. ಆಘಾತದಲ್ಲಿ ಬಾಯಿ ನನ್ನ ವಶದಲ್ಲಿರಲಿಲ್ಲ.

"ಸಮ ಅಂತೆ, ಸಮ! ಯಾವ ಸೀಮೆ ಸಮ ಇದು? ಇಂಗ್ಲಿಷಲ್ಲಿ ಹುಟ್ಟಿ ಬೆಳೆದವರು ಸಲೀಸಾಗಿ ಒಳಗೆ ಹೋಗ್ತಾರೆ. ನಮ್ಮ ಸಿಂಧು ಥರದವಳು ಹೊರಗೆ ಉಳೀತಾಳೆ. ಅವಳ ಕಥೆ ಮುಗೀತು."

ಹೇಳಿ ತಿರುಗಿದರೆ ಬಾಗಿಲಲ್ಲಿ ಮುರುಗೇಶ. ಅವತ್ತು ಬೆಳಿಗ್ಗೆಯೇ ಬಾಡಿಗೆ ಇತ್ತೆಂದು ಮಗಳನ್ನು ಆಟೋದಲ್ಲಿ ಬಿಡಲು ಬಂದವನು ಇನ್ನೂ ಮೆಟ್ಟಿಲ ಮೇಲೇ ಇದ್ದ. ಮೊದಲ ಸಲ ಹೊಸಿಲ ತನಕ ಬಂದಿದ್ದ.

"ಅಮ್ಮಾ, ನೀವು ಕಲಿಸೋರು. ನೀವೇ ಮುಗೀತು ಅಂದ್ರೆ ಮುಗೀತು ತಾನೇ?" ಅವನ ಧ್ವನಿಯಲ್ಲಿ ಕೋಪ ಇರಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಬಾ ಕಣ್ಣು. ಬ್ಯಾಗ್ ತಗೋ. ಮನೆಗೆ ಹೋಗೋಣ."

ಸಿಂಧು ಏಳಲಿಲ್ಲ. ನೆಲದ ಮೇಲಿನ ಏಲಕ್ಕಿಯೊಂದನ್ನು ಬೆರಳಲ್ಲಿ ಉರುಳಿಸುತ್ತಾ ಕೂತಿದ್ದಳು. ಆಮೇಲೆ ನನ್ನನ್ನೇ ನೋಡಿ ಹೇಳಿದಳು.

"ಮಿಸ್, ಹೊರಗೆ ಉಳೀತಾರೆ ಅಂತ ಸುಮ್ನೆ ಹೇಳಂಗಿಲ್ಲ, ಒಂದು ಸಾಲು ಕೂಡಿಸಿ ತೋರಿಸ್ಬೇಕು ಅಂತ ನಮಗೆ ಬಡ್ಕೊಂಡು ಬಡ್ಕೊಂಡು ಹೇಳಿಕೊಟ್ಟೋರು ನೀವು. ನಾನಿನ್ನೂ ಆ ಹೊಸ ಸೆಕ್ಷನ್ನಿನ ಒಂದು ಪ್ರಶ್ನೆ ನೋಡಿಲ್ಲ. ನೀವೂ ನೋಡಿಲ್ಲ. ನೋಡ್ದೇನೆ ನನ್ನ ಹೊರಗೆ ನಿಲ್ಸಿದ್ರಲ್ಲ!"

ಯಾರೋ ಮುಖಕ್ಕೆ ತಣ್ಣೀರು ಎರಚಿದಂತಾಯಿತು. ಉಮಾಪತಿಯವರು ಆಗ ತಮ್ಮ ಕಾಲು ನೋಡಿಕೊಂಡು, ಅಯ್ಯಯ್ಯೋ ಎಂದು ಹೊರಗೆ ಓಡಿ ಚಪ್ಪಲಿ ಬಿಟ್ಟು ಬಂದರು. ಮುರುಗೇಶ ಮಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಪರೀಕ್ಷೆ ತನಕ ಬರ್ಲಿ" ಎಂದ. "ಆದ್ರೆ ನಾನು ಹೇಳಿದ ಮಾತು ಅದೇ. ಪೂರ್ತಿ ಮನ್ನಾ ಆಗ್ಬೇಕು."

ಅಷ್ಟಾದರೂ ಆಯಿತಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ.

ಅಲ್ಲಿಂದ ಮುಂದೆ ನನ್ನ ಕೆಲಸದ ರೀತಿಯೇ ಬದಲಾಯಿತು. ಬಾಗಿನದ ಸಾಮಾನು ಡಬ್ಬಿ ಸೇರಿತು. ನನ್ನ ಇಂಗ್ಲಿಷೇನು ಹರಿಯುವ ನೀರಲ್ಲ, ಗಣಿತದ ಪುಸ್ತಕ ಓದುವಷ್ಟು ಇತ್ತು. ನಾನೂ ಸಿಂಧುವೂ ಒಂದೇ ಪ್ಯಾರಾವನ್ನು ಮುಂದಿಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದು ವಾಕ್ಯ ಓದುತ್ತಿದ್ದೆವು. ಈ ವಾಕ್ಯ ಏನು ಸಾಧಿಸಲು ಹೊರಟಿದೆ? ಅದಕ್ಕೆ ಆಧಾರವಾಗಿ ಕೊಟ್ಟದ್ದು ಯಾವುದು? ನಡುವೆ ಹೇಳದೆ ಬಿಟ್ಟದ್ದು ಯಾವುದು? ಉಮಾಪತಿಯವರು ವೇಗವಾಗಿ ಓದುವ ವಿಧಾನ ಎಂದು ಎಲ್ಲಿಂದಲೋ ಕಲಿತು ಬಂದಿದ್ದರು. ನಮ್ಮಿಬ್ಬರನ್ನು ನೋಡಿ ತಲೆ ಚಚ್ಚಿಕೊಂಡರು.

"ಅಕ್ಕಾ, ಈ ಸ್ಪೀಡಲ್ಲಿ ಓದಿದ್ರೆ ಪರೀಕ್ಷೆ ಮುಗಿಯೋ ಹೊತ್ತಿಗೆ ಇವಳು ಲಾಯರ್ ಅಲ್ಲ, ರಿಟೈರ್ಡ್ ಜಡ್ಜ್ ಆಗಿರ್ತಾಳೆ."

"ಆಗ್ಲಿ ಬಿಡಿ ಸರ್, ಪೆನ್ಷನ್ ಬರುತ್ತೆ" ಎಂದಳು ಸಿಂಧು.

ಒಂದು ದಿನ ಅಭ್ಯಾಸದ ಹಾಳೆಯಲ್ಲಿ ಆನೆ ಶಿಬಿರದ ಬಗ್ಗೆ ಒಂದು ಪ್ಯಾರಾ ಬಂತು. ಶಿಬಿರದ ಆನೆಗಳು ಮತ್ತೆ ಕಾಡಿಗೆ ಹೋಗಿ ಮೇಯುವುದಿಲ್ಲ, ಆದ್ದರಿಂದ ಅವುಗಳ ಆಹಾರವೆಲ್ಲ ಶಿಬಿರದಲ್ಲೇ ಸಿಗಬೇಕು ಎಂದು ಅದರ ವಾದ. ಈ ಮಾತುಗಳನ್ನು ನಿಜವೆಂದು ಇಟ್ಟುಕೊಂಡರೆ ಕೆಳಗಿನ ಯಾವುದು ನಿಜವಾಗಿರಲೇಬೇಕು ಎಂದು ಪ್ರಶ್ನೆ. ಸಕ್ರೆಬೈಲಿಗೆ ಹೋಗದ ಮಗು ಶಿವಮೊಗ್ಗದಲ್ಲಿ ಯಾವುದಿದೆ? ಅಲ್ಲಿನ ಆನೆಗಳನ್ನು ಕಾಡಿಗೆ ಮೇಯಲು ಬಿಟ್ಟು, ಬೆಳಿಗ್ಗೆ ತುಂಗೆಯಲ್ಲಿ ಮೈ ತೊಳೆಸುವುದನ್ನು ಎಲ್ಲರೂ ಕಂಡವರೇ. ಆನೆಗಳಿಗೆ ಕಾಡಿನ ಮೇವು ಸಿಗುತ್ತದೆ ಎನ್ನುವ ಉತ್ತರಕ್ಕೆ ಕ್ಲಾಸಿಗೆ ಕ್ಲಾಸೇ ಟಿಕ್ ಹಾಕಿತು. ಸಿಂಧು ಕೂಡ ಹಾಕಿದಳು. ತಪ್ಪು ಎಂದಾಗ ಜಗಳಕ್ಕೇ ಬಂದರು, ನಾವು ಕಣ್ಣಾರೆ ನೋಡಿದೀವಿ ಮಿಸ್ ಎಂದು.

ಸಿಂಧು ಮಾತ್ರ ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿ, ಜೋರಾಗಿ ನಗಲು ಶುರು ಮಾಡಿದಳು.

"ಮಿಸ್, ಇಲ್ಲೂ ಗಣಪತೀನೇ ಬಂದು ಮೊದಲು ಕೂತಿದಾನೆ!"

ಹೌದು, ಅದೇ ತಪ್ಪು. ಹಾಳೆಯಲ್ಲಿ ಇಲ್ಲದ್ದನ್ನು ಊರಿನಿಂದ ತಂದು ಸೇರಿಸಿದ್ದು. ಅವತ್ತು ನನಗೆ ಎರಡನೆಯ ಆಘಾತ. ಬೇರೆಯೇ ಲೋಕ ಎಂದುಕೊಂಡಿದ್ದ ಹೊಸ ವಿಭಾಗದ ಒಳಗೆ ನಮಗೆ ಗೊತ್ತಿದ್ದ ಓಣಿಗಳೇ ಇದ್ದವು. ಎಲ್ಲವೂ ಅಲ್ಲ. ಇಂಗ್ಲಿಷ್ ಪದಗಳು ಕಾಡುತ್ತಲೇ ಇದ್ದವು, ಹೊತ್ತು ಸಾಲದೇ ಬರುತ್ತಿತ್ತು. ಆದರೆ ಅವಳ ಭಯ ಹೋಯಿತು. ಭದ್ರಾವತಿಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಪ್ಯಾರಾ ಓದುತ್ತಾ ಬರುತ್ತಿದ್ದಳು. ಈಗ ಪಾಠಕ್ಕೆ ಸೇರುವ ಹೊಸಬರಿಗೆ ನಾನು ಹೇಳುವುದೇನೆಂದರೆ, ಮಕ್ಕಳು ತಪ್ಪು ಉತ್ತರ ಕೊಟ್ಟಾಗ ಮೊದಲು ಅವರ ಊರು ಮನೆ ಯಾವುದೆಂದು ಕೇಳಿ. ಅರ್ಧ ತಪ್ಪು ಅಲ್ಲಿಂದ ಬಂದಿರುತ್ತದೆ.

ಪರೀಕ್ಷೆ ಇದ್ದದ್ದು ರಾಗಿಗುಡ್ಡದ ಕಡೆಯ ಒಂದು ಕಂಪ್ಯೂಟರ್ ಲ್ಯಾಬಿನಲ್ಲಿ. ಗೇಟಿನ ಹೊರಗೆ ಮುರುಗೇಶನ ಆಟೋದ ಹಿಂದಿನ ಹಲಗೆಯ ಮೇಲೆ ಅವನೂ ನಾನೂ ಕೂತಿದ್ದೆವು. ಕರೆಂಟು ಹೋಗಲಿಲ್ಲ. ಕಂಪ್ಯೂಟರ್ ಕೆಡಲಿಲ್ಲ. ಅವಳಿಗೆ ತಲೆನೋವು ಬರಲಿಲ್ಲ. ದೇವರು ಒಂದೊಂದಾಗಿ ಕೊಡುತ್ತಿದ್ದ, ನಾನು ಒಂದೊಂದಾಗಿ ಕಣ್ಣಿಗೊತ್ತಿಕೊ‍ಳ್ಳುತ್ತಿದ್ದೆ. ಮುರುಗೇಶ ಇಡೀ ಹೊತ್ತು ಟಾರ್ಪಾಲಿನ ಹಗ್ಗದ ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದ.

ಸಿಂಧು ಹೊರಗೆ ಬಂದಾಗ, "ಹೆಂಗಿತ್ತೇ?" ಎಂದೆ.

"ಆನೆ ಬರ್ಲಿಲ್ಲ ಮಿಸ್" ಎಂದಳು.

ಆ ಬ್ಯಾಚಿನ ಜೊತೆಗೆ ನಾನೂ ಕೆಲಸ ಬಿಡುವುದೆಂದು ತೀರ್ಮಾನಿಸಿದ್ದೆ. ಉಮಾಪತಿಯವರು ಬೇಡ ಎಂದರು, ಆದರೆ ಜೋರಾಗಿ ಬೇಡ ಎನ್ನಲಿಲ್ಲ. ಹೊಸ ವಿಭಾಗಕ್ಕೆ ಇಂಗ್ಲಿಷ್ ಚೆನ್ನಾಗಿ ಬರುವವರು ಬೇಕು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಫಲಿತಾಂಶ ಬಂದ ದಿನವೇ ನನ್ನ ಕೊನೆಯ ದಿನ.

ಉಮಾಪತಿಯವರ ಕಂಪ್ಯೂಟರಿನ ಮುಂದೆ ಎಲ್ಲರೂ ಗುಂಪುಗೂಡಿದ್ದೆವು. ಪುಟ ತೆರೆಯುವುದಕ್ಕೇ ಒಂದು ಯುಗ ಹಿಡಿಯಿತು. ಮೊದಲು ಅಂಕ ಕಂಡಿತು. ಉಮಾಪತಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹೊಸ ವಿಭಾಗದಲ್ಲಿ ಸಿಂಧು ನಮ್ಮ ಸೆಂಟರಿನ ಎಲ್ಲರಿಗಿಂತ ಮೇಲಿದ್ದಳು. ಇಂಗ್ಲಿಷ್ ಶಾಲೆಗಳಲ್ಲಿ ಓದಿ ಬಂದವರಿಗಿಂತಲೂ ಮೇಲೆ. ಹೊರಗೆ ಉಳೀತಾಳೆ ಎಂದು ನಾನೇ ಕೂಗಿದ ಜಾಗದಲ್ಲೇ ನಿಂತಿದ್ದೆ.

"ಸೀಟು ಸಿಕ್ಕಿದೆ ಕಣಮ್ಮಾ!" ಎಂದರು ಉಮಾಪತಿ. ಮಕ್ಕಳೆಲ್ಲ ಕೂಗಿ ಚಪ್ಪಾಳೆ ಹೊಡೆದರು. ಸಿಂಧು ಕೂಗಲಿಲ್ಲ. ಪರದೆಯ ಕೆಳಭಾಗವನ್ನೇ ನೋಡುತ್ತಿದ್ದಳು.

"ಸರ್, ಫೀಸು?"

ಉಮಾಪತಿಯವರು ಪುಟ ಕೆಳಗೆ ಸರಿಸಿದರು.

"ಅರ್ಧ ಮನ್ನಾ."

ಚಪ್ಪಾಳೆ ನಿಂತುಹೋಯಿತು. ಸಿಂಧು ಚೂಡಿದಾರದ ವೇಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿದಳು. ಅಳಲಿಲ್ಲ. ಅಳದೇ ಇದ್ದದ್ದೇ ನೋಡಲಾಗುತ್ತಿರಲಿಲ್ಲ.

"ಸರಿ ಅಪ್ಪಾ. ಅಂಗಡಿಗೆ ಯಾವತ್ತಿಂದ ಹೋಗ್ಬೇಕು?"

ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಸಾಕ್ಷಿ ನಾನೇ ಅಲ್ಲವೇ? ಮುರುಗೇಶ ಕೈ ಅಡ್ಡ ಮಾಡಿದ.

"ಇರಿ ಅಮ್ಮಾ. ಕಣ್ಣು, ರೂಲ್ಸ್ ಹಾಕಿದ್ದು ಯಾರು?"

"ನೀನು."

"ತೆಗೆಯೋದು ಯಾರು?"

ಅವಳು ತಲೆಯೆತ್ತಿ ಅಪ್ಪನನ್ನು ನೋಡಿದಳು.

"ತೆಗೆದೆ. ಅದರ ಬದಲು ಇದು. ಸೀಟು ಸಿಕ್ಕಿದ್ರೆ ಕಾಲೇಜಿಗೆ ಹೋಗ್ಬೇಕು. ಅಷ್ಟೇ ರೂಲ್ಸ್. ಬ್ಯಾಂಕಿಗೆ ಹೋಗಿ ಸಾಲದ ಬಗ್ಗೆ ಕೇಳ್ಕೊಂಡು ಬಂದಿದೀನಿ, ಕೊಡ್ತಾರಂತೆ."

"ಯಾವಾಗ ಹೋಗಿದ್ದೆ?"

"ನೀನು ಪರೀಕ್ಷೆ ಬರೆದು ಬಂದ ಮಾರನೇ ದಿನ."

ಸಿಂಧುವಿನ ಕಣ್ಣಲ್ಲಿ ಆಗ ನೀರು ಬಂತು. ನೀರು ಬಂದರೂ ಅವಳು ಅವಳೇ, ತಪ್ಪು ಉತ್ತರವನ್ನು ಹಾಗೇ ಬಿಡಲು ಅವಳಿಂದ ಆಗದು.

"ಅಪ್ಪಾ, ಇದು ಆ ರೂಲ್ಸಿಗೆ ಸಮ ಅಲ್ಲ."

"ನನಗೆ ಗೊತ್ತಿಲ್ವಾ?" ಎಂದ ಮುರುಗೇಶ. "ಸಮ ಇರೋ ಹಂಗಿದ್ರೆ ಬದಲಾಯಿಸೋದು ಯಾತಕ್ಕೆ ಕಣ್ಣು?"